ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ

(ಮೈಸೂರಿನ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣ)



ನಾನು ವೈದ್ಯನಲ್ಲ, ಪತ್ರಿಕೆಯ ವರದಿಗಾರ. ನಾಯಿ ಕಡಿತದ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದು ನಮ್ಮ ವಠಾರದ ಒಬ್ಬ ಹುಡುಗನಿಂದಾಗಿ. ಹನ್ನೊಂದು ವರ್ಷದವನು. ಬೀದಿನಾಯಿ ಮೀನಖಂಡಕ್ಕೆ ಕಚ್ಚಿದ್ದನ್ನು ಎರಡು ದಿನ ಯಾರಿಗೂ ಹೇಳಿರಲಿಲ್ಲ. ಬಟ್ಟೆ ಒಗೆಯುವಾಗ ಪ್ಯಾಂಟಿನ ಮೇಲೆ ರಕ್ತದ ಕಲೆ ಕಂಡು ತಾಯಿ ಗದರಿಸಿದ ಮೇಲೆ ಬಾಯಿಬಿಟ್ಟ. ಯಾಕೋ ಮುಚ್ಚಿಟ್ಟೆ ಎಂದರೆ, "ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರಂತೆ, ಅಜ್ಜಿ ಹೇಳಿದ್ರು" ಎಂದು ಅಳತೊಡಗಿದ.

ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಕಾಲದಲ್ಲಿ ಅದು ನಿಜವೇ. ಆದರೆ ಈ ಹುಡುಗ ಹುಟ್ಟುವ ಎಷ್ಟೋ ವರ್ಷ ಮೊದಲೇ ಆ ಸೂಜಿಗಳು ನಿಂತುಹೋಗಿವೆ. ನಿಲ್ಲದೆ ಉಳಿದಿರುವುದು ಅವುಗಳ ಭಯ. ಆ ಹದಿನಾಲ್ಕರ ಲೆಕ್ಕ ಎಲ್ಲಿಂದ ಬಂತು ಎಂದು ನಾನು ಹುಡುಕಿದೆ.

ಅದು ಶುರುವಾಗುವುದು ಪ್ಯಾರಿಸ್ಸಿನಲ್ಲಿ, 1885ರ ಜುಲೈ 6ರಂದು. ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ತಾಯಿ ಲೂಯಿ ಪಾಶ್ಚರ್ ಅವರ ಬಳಿಗೆ ಕರೆತಂದಳು. ಪಾಶ್ಚರ್ ಕೂಡ ವೈದ್ಯರಲ್ಲ, ರಸಾಯನ ವಿಜ್ಞಾನಿ. (ನನಗೂ ಅವರಿಗೂ ಇರುವ ಹೋಲಿಕೆ ಇಷ್ಟೇ!) ಹಾಗಾಗಿ ಸೂಜಿ ಚುಚ್ಚಿದ್ದು ಬೇರೆ ವೈದ್ಯರು. ಸೋಂಕಿತ ಮೊಲದ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ ಲಸಿಕೆಯನ್ನು ಹೊಟ್ಟೆಯ ಚರ್ಮದ ಮಡಿಕೆಗೆ, ಹತ್ತು ದಿನಗಳಲ್ಲಿ 13 ಸಲ ಕೊಟ್ಟರು. ಹುಡುಗ ಬದುಕಿದ.

ನಮ್ಮ ದೇಶದಲ್ಲಿ ಇಂಥ ಸಂಸ್ಥೆ ಮೊದಲು ಆರಂಭವಾದದ್ದು 1900ರಲ್ಲಿ, ದೂರದ ಹಿಮಾಲಯದ ಕಸೌಲಿಯಲ್ಲಿ. ನಾಯಿ ಕಚ್ಚಿದವನು ದಕ್ಷಿಣದಿಂದ ಅಲ್ಲಿಗೆ ರೈಲು ಹತ್ತಿ ಹೋಗಬೇಕೆಂದರೆ ಊಹಿಸಿಕೊಳ್ಳಿ. 1907ರಲ್ಲಿ ಹೆನ್ರಿ ಫಿಪ್ಸ್ ಎಂಬ ಅಮೆರಿಕದ ದಾನಿಯ ಹಣದಿಂದ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತಲೆಯೆತ್ತಿತು. ಮೈಸೂರಿನವರಿಗೆ ಅದು ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಏರಿದರೆ ಸಿಗುವ ಊರು.

1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಇನ್ನೊಂದು ವಿಧಾನ ಕಂಡುಹಿಡಿದರು. ಕುರಿಯ ಮಿದುಳಿನಲ್ಲಿ ವೈರಾಣು ಬೆಳೆಸಿ, ಕಾರ್ಬಾಲಿಕ್ ಆಮ್ಲದಿಂದ ಅದನ್ನು ಕೊಂದು ಮಾಡಿದ ಲಸಿಕೆ. ಅಜ್ಜಿ ಹೇಳಿದ್ದು ಇದನ್ನೇ. ಅದರ ಶಕ್ತಿ ಕಡಿಮೆ; ಆದ್ದರಿಂದ ಹೆಚ್ಚು ಪ್ರಮಾಣದಲ್ಲಿ, ದಿನವೂ ಕೊಡಬೇಕಾಗಿತ್ತು. ಅಷ್ಟು ದ್ರವ ಹಿಡಿಸುವಷ್ಟು ಅಗಲವಾದ, ಸಡಿಲ ಚರ್ಮದ ಜಾಗ ಹೊಟ್ಟೆ. ಇಷ್ಟೇ ಕಾರಣ. ಹೊಕ್ಕುಳಿಗೂ ಈ ರೋಗಕ್ಕೂ ಬೇರೆ ಯಾವ ನಂಟೂ ಇಲ್ಲ. ಮಿದುಳಿನ ಅಂಶ ಸೇರಿದ್ದರಿಂದ ಕೆಲವರಿಗೆ ಲಸಿಕೆಯಿಂದಲೇ ಪಾರ್ಶ್ವವಾಯು ಬಡಿದದ್ದೂ ಉಂಟು. ಜನ ಹೆದರಿದ್ದರಲ್ಲಿ ತಪ್ಪೇನಿತ್ತು?

ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದ, ತೋಳಿಗೆ ಕೊಡುವ ಹೊಸ ಲಸಿಕೆ 1980ರ ದಶಕದಲ್ಲೇ ಭಾರತಕ್ಕೆ ಬಂದಿತ್ತು. ಆದರೆ ದುಬಾರಿ. ದುಡ್ಡಿದ್ದವರು ತೋಳು ಚಾಚಿದರು. ಬಡವರು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಅಂಗಿ ಎತ್ತಿದರು. ಇದು ಇಪ್ಪತ್ತು ವರ್ಷ ನಡೆಯಿತೆಂಬುದು ನನ್ನ ಮಟ್ಟಿಗೆ ನಾಚಿಕೆಯ ಸಂಗತಿ. ಕುರಿ ಮಿದುಳಿನ ಲಸಿಕೆ ತಯಾರಿಕೆ ದೇಶದಲ್ಲಿ ನಿಂತದ್ದು 2004ರ ಕೊನೆಗೆ. 2006ರಲ್ಲಿ ಹೊಸ ಲಸಿಕೆಯನ್ನು ಚರ್ಮದ ಪದರದೊಳಕ್ಕೆ ಕೊಡಲು ಅನುಮತಿ ಸಿಕ್ಕಿತು. ಒಂದು ಸಲಕ್ಕೆ ಒಂದು ತೋಳಿಗೆ ಬರೀ 0.1 ಮಿಲಿಲೀಟರ್. ಒಂದೇ ಸೀಸೆ ಹಲವರಿಗೆ ಸಾಕಾಗುವುದರಿಂದ ಖರ್ಚೂ ಇಳಿಯಿತು.

ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಮೊದಲ ದಿನ, ಅಲ್ಲಿಂದ ಮೂರನೆಯ, ಏಳನೆಯ ಹಾಗೂ ಇಪ್ಪತ್ತೆಂಟನೆಯ ದಿನ, ಹೀಗೆ ನಾಲ್ಕು ಬಾರಿ ಹೋಗಬೇಕು. ಖಾಸಗಿಯಲ್ಲಿ ಸ್ನಾಯುವಿಗೆ ಕೊಟ್ಟರೆ ಸಾಮಾನ್ಯವಾಗಿ ಐದು ಬಾರಿ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತಲೇ ಇನ್ನೊಂದು ಮದ್ದು, ಇಮ್ಯುನೊಗ್ಲಾಬ್ಯುಲಿನ್, ಹಾಕಿಸಬೇಕು. ಲಸಿಕೆಗೆ ದೇಹ ಸ್ಪಂದಿಸಲು ಕೆಲವು ದಿನ ಬೇಕಲ್ಲ, ಅಲ್ಲಿಯವರೆಗೆ ಕಾಯುವುದು ಇದೇ. ಬರೀ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ನಿಶ್ಚಿಂತೆಯಿಂದ ಇರುವವರನ್ನು ನೋಡಿದ್ದೇನೆ. ಅದು ಧನುರ್ವಾಯುವಿಗೆ, ರೇಬೀಸ್‌ಗೆ ಅಲ್ಲ.

ಆಸ್ಪತ್ರೆಗೆ ಹೊರಡುವ ಮೊದಲು ನಲ್ಲಿ ಬಿಟ್ಟು, ಸೋಪು ಹಚ್ಚಿ, ಹದಿನೈದು ನಿಮಿಷ ಗಾಯ ತೊಳೆಯಿರಿ. ಸುಣ್ಣ, ಮೆಣಸಿನ ಪುಡಿ ಬೇಡ. ಬೆಕ್ಕು ಕಚ್ಚಿದರೂ, ಚಾಮುಂಡಿ ಬೆಟ್ಟದ ಕೋತಿ ಕಚ್ಚಿದರೂ ವೈದ್ಯರಿಗೆ ತೋರಿಸಿ. ವೈರಾಣು ನರದ ದಾರಿ ಹಿಡಿದು ನಿಧಾನವಾಗಿ ಮಿದುಳಿಗೆ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ವಾರವಷ್ಟೇ. ನೀರು ಕಂಡರೆ ಬೆಚ್ಚುವ ಹಂತ ತಲುಪಿದವರು ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ತಡವಾಯಿತೆಂದು ಸುಮ್ಮನಿರಬೇಡಿ, ತಡವಾಗಿಯಾದರೂ ಹೋಗಿ.

ನಮ್ಮ ಹುಡುಗನನ್ನು ಮೂರನೆಯ ದಿನ ಕರೆದುಕೊಂಡು ಹೋದೆವು. ಎರಡೂ ತೋಳಿಗೆ ಸಣ್ಣ ಸೂಜಿ, ಕಾಲಿನ ಗಾಯದ ಸುತ್ತ ಇನ್ನೊಂದಿಷ್ಟು. ನೋವಾದದ್ದು ಕಾಲಿಗೇ ಎಂದ. ಕೊನೆಯ ಸುತ್ತು ಬರುವ ಗುರುವಾರ; ಚೀಟಿಯನ್ನು ಅಜ್ಜಿ ದೇವರ ಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿದ್ದಾರೆ. ಇಲ್ಲಿ ವೈದ್ಯರೂ ಬಂದಿದ್ದಾರೆ, ಕೇಳುವುದಿದ್ದವರು ಅವರನ್ನೇ ಕೇಳಬಹುದು.