ದುರ್ಗ ಬಿದ್ದದ್ದು ಹೇಗೆ?
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯ ಎರಡನೇ ಬ್ಯಾಚಿನವನು. ಒಂಬತ್ತನೇ ತರಗತಿಯಲ್ಲಿದ್ದಾಗ ವಾರ್ಷಿಕೋತ್ಸವಕ್ಕೆ ಮದಕರಿ ನಾಯಕನ ನಾಟಕ ಆಡಿದೆವು. ಗಂಟಲು ದೊಡ್ಡದೆಂದು ನನಗೆ ಮದಕರಿಯ ಪಾತ್ರ ಸಿಕ್ಕಿತು. ಕೋಟೆಯನ್ನು ಹೈದರಾಲಿಗೆ ಹಿಡಿದುಕೊಟ್ಟ ದ್ರೋಹಿಯ ಪಾತ್ರ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಸಾಬರ ಹುಡುಗನಿಗೆ. ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಲಿಲ್ಲ. ನಾಟಕ ಮುಗಿದ ಮೇಲೂ ಹುಡುಗರು ಹೊಳಲ್ಕೆರೆ ಸಂತೆಯಲ್ಲಿ ಅವನನ್ನು ಕಂಡರೆ 'ದ್ರೋಹಿ ಬಂದ' ಎಂದು ಕೂಗುತ್ತಿದ್ದರು. ಕೂಗಿದವರಲ್ಲಿ ನಾನೂ ಒಬ್ಬ. ಮರುವರ್ಷ ಅವನು ನಾಟಕಕ್ಕೆ ಬರಲಿಲ್ಲ.

ಆಮೇಲೆ ನಾನೇ ಮೇಷ್ಟ್ರಾಗಿ ಹಿರಿಯೂರು, ಹೊಸದುರ್ಗದ ಕಡೆ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದೆ. ದುರ್ಗ ಬಿದ್ದದ್ದು ಹೇಗೆಂದು ಕೇಳಿದರೆ ಇಡೀ ತರಗತಿ ಒಂದೇ ಉಸಿರಿಗೆ 'ಒಳಗಿನವರ ದ್ರೋಹದಿಂದ ಸಾರ್' ಎನ್ನುತ್ತಿತ್ತು. ನಾನೂ ಹಲವು ವರ್ಷ ಅದನ್ನೇ ಹೇಳಿಕೊಟ್ಟೆ.

ದ್ರೋಹ ನಡೆದೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಪಾಳೆಯಗಾರನ ಸೇವೆಯಲ್ಲಿದ್ದ ಮುಸಲ್ಮಾನ ಸೈನಿಕರನ್ನು ಹೈದರಾಲಿ ಒಳಗೆ ಹಾಕಿಕೊಂಡ ಎಂದು ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಆತ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಇಂಗ್ಲಿಷ್ ಅಧಿಕಾರಿ. ಅವನ ಪುಸ್ತಕ ಅಚ್ಚಾದದ್ದು 1810ರಿಂದೀಚೆಗೆ, ಟಿಪ್ಪು ಸತ್ತ ಮೇಲೆ. ಹೈದರ್ ಮನೆತನದ ಬಗ್ಗೆ ಅವನಿಗೆ ಪ್ರೀತಿ ಇರಲು ಕಾರಣವಿರಲಿಲ್ಲ. ಅದಿರಲಿ. ಮೊದಲು ಕೇಳಬೇಕಾದ್ದು, ಆ ಸೈನಿಕರು ದುರ್ಗದೊಳಗೆ ಏಕಿದ್ದರು? ನಾಯಕನೇ ಸಂಬಳ ಕೊಟ್ಟು, ನಂಬಿ ಇಟ್ಟುಕೊಂಡಿದ್ದ.

ಇನ್ನೂ ಹಿಂದಕ್ಕೆ ಹೋಗಿ. 1748ರಲ್ಲಿ ನಮ್ಮ ಪಕ್ಕದ ಮಾಯಕೊಂಡದಲ್ಲಿ ಯುದ್ಧವಾಯಿತು. ದುರ್ಗದ ಪರವಾಗಿ ಬಂದವನು ಚಂದಾಸಾಹೇಬ. ಎದುರಿಗೆ ಬಿದನೂರು, ಹರಪನಹಳ್ಳಿ, ಸವಣೂರು. ಹಿರೇ ಮದಕರಿ ನಾಯಕ ಸತ್ತದ್ದು ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ. ಯಾರು ನಮ್ಮವರು, ಯಾರು ಪರರು, ನೀವೇ ಹೇಳಿ.

ಕೊನೆಯ ಮದಕರಿಯ ರಾಜಕಾರಣವೂ ಹಾಗೆಯೇ. 1763ರಲ್ಲಿ ಹೈದರ್ ಬಿದನೂರಿನ ಮೇಲೆ ಹೋದಾಗ ದುರ್ಗ ಅವನ ಜೊತೆಗಿತ್ತು. 1770ರಲ್ಲಿ ಪೇಶ್ವೆ ಮಾಧವರಾಯ ಬಂದಾಗ ದುರ್ಗದ ಬೇಡ ಪಡೆ ಅವನಿಗಾಗಿ ನಿಜಗಲ್ಲಿನ ಕೋಟೆ ಹತ್ತಿತು. ಬೆಂಗಳೂರಿಗೆ ಹೋಗುವಾಗ ದಾಬಸ್‌ಪೇಟೆ ಹತ್ತಿರ ಕಾಣುತ್ತದಲ್ಲ, ಅದೇ ಬೆಟ್ಟ. ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಚಿಕ್ಕ ಸಂಸ್ಥಾನಕ್ಕೆ ಬೇರೆ ದಾರಿ ಇರಲಿಲ್ಲ. ಆದರೆ ಮಾಧವರಾಯ 1772ರಲ್ಲಿ ತೀರಿಕೊಂಡ. ಮರುವರ್ಷ ಅವನ ತಮ್ಮನ ಕೊಲೆಯಾಯಿತು. ಪುಣೆಯವರು ಮನೆಜಗಳ, ಇಂಗ್ಲಿಷರ ಜಗಳಗಳಲ್ಲಿ ಮುಳುಗಿದರು. ತಕ್ಕಡಿಯ ಒಂದು ತಟ್ಟೆ ಖಾಲಿಯಾಯಿತು. 1779ರಲ್ಲಿ ಹೈದರ್ ಕೊನೆಯ ಸಲ ಮುತ್ತಿದಾಗ ದುರ್ಗಕ್ಕೆ ಆಸರೆಯೇ ಉಳಿದಿರಲಿಲ್ಲ. ಈ ಮಾತು ನಮ್ಮ ನಾಟಕದಲ್ಲಿ ಒಂದು ಸಾಲೂ ಇರಲಿಲ್ಲ.

ಹೈದರನನ್ನು ಒಳ್ಳೆಯವನನ್ನಾಗಿ ಮಾಡಲು ಹೊರಟಿಲ್ಲ. ಇಲ್ಲಿಂದ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಅವರ ಹುಡುಗರನ್ನು ಚೇಲಾ ಪಡೆಗೆ ಹಾಕಿದ ಎಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಆ ನೋವು ಈ ಸೀಮೆಯದು. ಆದರೆ ಅದೇ 1779ರಲ್ಲಿ ಇಂಗ್ಲಿಷರು ಮಾಹೆ ಬಂದರನ್ನು ಹಿಡಿದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರೆಂಚರು ಅಮೆರಿಕದ ಕಡೆ ಸೇರಿದ್ದರಿಂದ ಬಂದ ಜಗಳ ಅದು. ಹೈದರನಿಗೆ ಫ್ರೆಂಚರ ಮದ್ದುಗುಂಡು ಬರುತ್ತಿದ್ದದ್ದು ಆ ಬಂದರಿನಿಂದಲೇ. ಅದಕ್ಕೇ ಮರುವರ್ಷ ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೋದ. 1782ರಲ್ಲಿ 'ಹೈದರ್ ಅಲಿ' ಎಂಬ ಹೆಸರಿನ ಅಮೆರಿಕದ ಹಡಗೊಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗನ್ನು ಹಿಡಿಯಿತು. ನಮ್ಮ ದುರ್ಗವನ್ನು ಕೆಡವಿದವನ ಹೆಸರನ್ನು ಅಲ್ಲಿಯವರು ಅಭಿಮಾನದಿಂದ ಹಡಗಿಗೆ ಬರೆಸಿದ್ದರು! ಇದನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನನ್ನ ಆ ಗೆಳೆಯ ಇವತ್ತು ಮೂರನೇ ಸಾಲಿನಲ್ಲಿ ಮೊಮ್ಮಗನ ಜೊತೆ ಕೂತಿದ್ದಾನೆ. ಸಂತೆಯಲ್ಲಿ ಕೂಗಿದ್ದಕ್ಕೆ ಬೆಳಿಗ್ಗೆ ಅವನ ಮನೆಗೆ ಹೋಗಿ ತಪ್ಪಾಯಿತು ಎಂದೆ. ಈ ಭಾಷಣದ ವಿಷಯವನ್ನೂ ಹೇಳಿದೆ. ಟೀ ಲೋಟ ಕೈಗೆ ಕೊಟ್ಟು, "ಹಂಗಾದ್ರೆ ಈ ಸಲ ನಾಟಕ ಆಡಿದ್ರೆ ಚಂದಾಸಾಹೇಬನ ಪಾರ್ಟು ನನಗೆ ಕೊಡೋ. ಪೇಟ ಮಾತ್ರ ಒಳ್ಳೇದಿರಲಿ" ಎಂದ.