ಹಳೆಯ ಚರ್ಚಿನಿಂದ ಹೊರಟ ಹಾಡು



ಸ್ಟೆತೊಸ್ಕೋಪ್ ಹಿಡಿಯುವವನು ರಾಕ್ ಸಂಗೀತದ ಬಗ್ಗೆ ಮಾತಾಡುವುದು ನಿಮಗೆ ಸೋಜಿಗವೆನಿಸಬಹುದು. ಮಕ್ಕಳು ಗಿಟಾರ್ ಹಿಡಿದ ಕೂಡಲೇ "ಓದು ಕೆಟ್ಟಿತು" ಎಂದು ಹೆದರುವ ತಂದೆತಾಯಿಗಳಲ್ಲಿ ನಾನೂ ಒಬ್ಬ. ಅದಕ್ಕಾಗಿಯೇ ಆರ್.ಇ.ಎಂ. ತಂಡದ ಕಥೆಯನ್ನು ಆರಿಸಿಕೊಂಡಿದ್ದೇನೆ.

ಜಾರ್ಜಿಯಾ ರಾಜ್ಯದ ಅಥೆನ್ಸ್ ವಿಶ್ವವಿದ್ಯಾಲಯದ ಊರು. ಅಲ್ಲಿ ಕಲಾ ವಿದ್ಯಾರ್ಥಿಯಾಗಿದ್ದ ಮೈಕೆಲ್ ಸ್ಟೈಪ್‌ಗೆ ರೆಕಾರ್ಡ್ ಅಂಗಡಿಯ ನೌಕರ ಪೀಟರ್ ಬಕ್ ಪರಿಚಯವಾದ. ಮೇಕನ್ ಊರಿನ ಹೈಸ್ಕೂಲ್ ಗೆಳೆಯರಾದ ಮೈಕ್ ಮಿಲ್ಸ್, ಬಿಲ್ ಬೆರಿ ಜೊತೆಗೂಡಿದರು. 1980ರ ಏಪ್ರಿಲ್ 5ರಂದು, ಪ್ರಾರ್ಥನೆ ನಿಂತುಹೋಗಿದ್ದ ಹಳೆಯ ಚರ್ಚಿನಲ್ಲಿ, ಸ್ನೇಹಿತೆಯೊಬ್ಬಳ ಹುಟ್ಟುಹಬ್ಬಕ್ಕೆ ಮೊದಲ ಕಚೇರಿ ನಡೆಯಿತು. ತಂಡದ ಹೆಸರನ್ನು ನಿಘಂಟು ತಿರುವಿ ಆರಿಸಿಕೊಂಡರು. ಓದನ್ನು ಬಿಟ್ಟದ್ದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ಹಳೆಯ ವ್ಯಾನಿನಲ್ಲಿ ಊರೂರು ಸುತ್ತಿದರು. 1981ರಲ್ಲಿ 'ರೇಡಿಯೋ ಫ್ರೀ ಯೂರೋಪ್' ಸಣ್ಣ ಕಂಪನಿಯೊಂದರಿಂದ ಹೊರಬಂತು. ಕಾಲೇಜು ರೇಡಿಯೋಗಳು ಇವರನ್ನು ಬೆಳೆಸಿದವು. 1983ರ 'ಮರ್ಮರ್' ಆಲ್ಬಮನ್ನು 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು ಆ ವರ್ಷದ ಶ್ರೇಷ್ಠ ಆಲ್ಬಮ್ ಎಂದರು. ಆದರೂ ಇವರ ಹಾಡೊಂದು ಅಮೆರಿಕದ ಮೊದಲ ಹತ್ತರೊಳಗೆ ಬರಲು 1987ರವರೆಗೆ ಕಾಯಬೇಕಾಯಿತು. ಏಳು ವರ್ಷ! ನಮ್ಮ ಎಂಬಿಬಿಎಸ್, ರೆಸಿಡೆನ್ಸಿಗಳಿಗಿಂತ ಇದೇನು ಸುಲಭದ ದಾರಿಯಲ್ಲ.

ಇಷ್ಟು ದಿನ ಇವರನ್ನು ಕಟ್ಟಿಹಾಕಿದ್ದು ಯಾವುದು? ರಾಗ ಯಾರಿಗೇ ಹೊಳೆಯಲಿ, ಸಾಹಿತ್ಯ ಯಾರದೇ ಇರಲಿ, ತಮ್ಮ ಹಾಡುಗಳಿಗೆ ನಾಲ್ವರ ಹೆಸರನ್ನೂ ಹಾಕುತ್ತಿದ್ದರು. ಅದರ ಹಣದಲ್ಲೂ ಸಮಪಾಲು. ಸಂಘಸಂಸ್ಥೆಗಳು ಒಡೆಯುವುದು ಹೆಚ್ಚಾಗಿ ಎಲ್ಲಿಂದ ಎಂಬುದು ಇಲ್ಲಿ ಕುಳಿತವರಿಗೆ ಗೊತ್ತು!

1995ರ ಮಾರ್ಚ್ 1ರಂದು, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಬೆರಿ ವೇದಿಕೆಯ ಮೇಲೆಯೇ ಕುಸಿದ. ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಇಂಥವರಲ್ಲಿ ಎಷ್ಟೋ ಜನ ಆಸ್ಪತ್ರೆಯನ್ನೇ ತಲುಪುವುದಿಲ್ಲವೆಂದು ವೈದ್ಯನಾಗಿ ಬಲ್ಲೆ. ತಂಡ ಪ್ರವಾಸ ನಿಲ್ಲಿಸಿತು. ಶಸ್ತ್ರಚಿಕಿತ್ಸೆಯಾಗಿ ಆತ ಚೇತರಿಸಿಕೊಂಡ ಮೇಲೆ ಅವನೊಂದಿಗೇ ಮುಂದುವರಿಯಿತು. 1997ರಲ್ಲಿ ಬೆರಿ ಸ್ನೇಹದಿಂದಲೇ ಬೀಳ್ಕೊಂಡ. 2011ರಲ್ಲಿ ತಂಡ ಮುಗಿಯಿತು. 2024ರಲ್ಲಿ ನ್ಯೂಯಾರ್ಕಿನ ಸನ್ಮಾನ ಸಮಾರಂಭದಲ್ಲಿ ನಾಲ್ವರೂ ಮತ್ತೆ ಜೊತೆಯಾಗಿ ಒಂದು ಹಾಡು ನುಡಿಸಿದರು.

ಓದು ಬಿಡಿ ಎಂದು ಮಕ್ಕಳಿಗೆ ನಾನು ಹೇಳಲಾರೆ. ಆದರೆ ನಿಮ್ಮ ಮಗನೋ ಮಗಳೋ ಗೆಳೆಯರನ್ನು ಸೇರಿಸಿ ಬೇಸ್‌ಮೆಂಟಿನಲ್ಲಿ ಗದ್ದಲವೆಬ್ಬಿಸಿದರೆ, ಒಮ್ಮೆ ಕೆಳಗಿಳಿದು ಕೇಳಿ. ಸಮಪಾಲು ಹಂಚಿಕೊಂಡು ಬಾಳುವ ಪಾಠ ಅಲ್ಲೇ ನಡೆಯುತ್ತಿರಬಹುದು.