ಹೊಳೆ ಹಾಯುವ ಕಾಲ

ಕಾಕನಕೋಟೆ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಮಾಸ್ತಿಯವರ ನಾಟಕ. ನಾಟಕವನ್ನು ಓದದವರಿಗೂ ಖೆಡ್ಡಾದ ಹೆಸರು ಗೊತ್ತು. ಕಾಡುಕುರುಬರ ನಾಯಕ ಕಾಚನೂ ಹಗ್ಗದ ಕಟ್ಟಿನಲ್ಲಿ ಘೀಳಿಡುವ ಆನೆಯೂ ಈ ಸ್ಥಳದ ಕೀರ್ತಿಯನ್ನು ನಾಡಿಗೆ ತಂದವರು. ಆದರೆ ಇಬ್ಬರ ಹಿಂದೆಯೂ ಹರಿಯುವ ಕಪಿಲೆಯನ್ನು, ಎಂದರೆ ನಮ್ಮ ಕಬಿನಿ ಹೊಳೆಯನ್ನು, ನಾವು ಗಮನಿಸಿದ್ದು ಕಡಿಮೆ. ಬೆನ್ನಿಗೆ ಗಂಟು ಕಟ್ಟಿಕೊಂಡು ಕಾರ್ತಿಕಮಾಸದಲ್ಲಿ ಈ ಸೀಮೆಯ ಕಾಡುಬೆಟ್ಟಗಳನ್ನು ನಡೆದವನಿಗೆ ಮೊದಲು ಎದುರಾಗುವ ಪ್ರಶ್ನೆ ಹುಲಿಯದಲ್ಲ, ಆನೆಯದೂ ಅಲ್ಲ. ಹೊಳೆಯನ್ನು ಎಲ್ಲಿ, ಯಾವಾಗ ಹಾಯಬೇಕೆಂಬುದು.

ಈ ಪ್ರಶ್ನೆ ಬಹಳ ಹಳೆಯದು. ‘ತೀರ್ಥ’ ಎಂಬ ಮಾತನ್ನು ನಾವು ಈಗ ಉದ್ಧರಣೆಯಲ್ಲಿ ಕೊಡುವ ನೀರಿಗೆ ಮೀಸಲಿಟ್ಟಿದ್ದೇವೆ. ಮೂಲದಲ್ಲಿ ಅದು ದಾಟುವ ಜಾಗ, ನೀರಿಗಿಳಿಯಲು ತಕ್ಕ ಕಡವು. ಸಂಸಾರವೆಂಬ ಹೊಳೆಗೆ ಇಂಥ ಕಡವನ್ನು ಮಾಡಿಕೊಟ್ಟವರನ್ನೇ ಜೈನರು ತೀರ್ಥಂಕರರೆಂದರು. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಧುಮುಕಿ, ಹುಣಸೂರನ್ನು ಹಾದು ಕೃಷ್ಣರಾಜಸಾಗರವನ್ನು ಸೇರುವ ಲಕ್ಷ್ಮಣತೀರ್ಥದ ಹೆಸರಿನಲ್ಲಿಯೂ ಈ ಮಾತಿದೆ. ಯಾತ್ರಿಕರು ಅದರಲ್ಲಿ ಮೀಯುತ್ತಾರೆ. ದಾಟುವ ಅರ್ಥ ಹೊಳೆಯ ಮೇಲ್ಭಾಗದ ಕಾಡಿನಲ್ಲಿ ನಡೆಯುವವನಿಗೆ ಮಾತ್ರ ಉಳಿದುಕೊಂಡಿದೆ.

ಕಾರ್ತಿಕವೇ ಏಕೆ ಕಷ್ಟದ ಕಾಲ? ಆಷಾಢ ಶ್ರಾವಣಗಳಲ್ಲಿ ಯಾವ ವಿವೇಕಿಯೂ ಹೊಳೆಗೆ ಕಾಲಿಡುವುದಿಲ್ಲ. ವೈನಾಡಿನಲ್ಲಿ ಮಾನಂತವಾಡಿ ಹೊಳೆಯೂ ಪನಮರಂ ಹೊಳೆಯೂ ಕೂಡಿ ಕಬಿನಿಯಾಗಿ ಕೆಂಪಗೆ ಮೊರೆಯುತ್ತ ಬರುವುದನ್ನು ಕಂಡರೆ ಸಾಕು, ಬುದ್ಧಿ ತಾನಾಗಿ ಬರುತ್ತದೆ. ಕಾರ್ತಿಕದಲ್ಲಿ ಹಾಗಲ್ಲ. ಬೆಳಗ್ಗೆ ಆಕಾಶ ತೊಳೆದಿಟ್ಟ ಕಂಚಿನಂತಿರುತ್ತದೆ. ನೀರು ತಿಳಿಯಾಗಿ ತಳದ ಕಲ್ಲುಗಳು ಕಾಣುತ್ತವೆ. ಮಧ್ಯಾಹ್ನ ಮೂರರ ಮೇಲೆ ಸ್ವಾತಿಯದೋ ವಿಶಾಖೆಯದೋ ಮಳೆ ಎಲ್ಲೋ ಮೇಲಣ ಕಣಿವೆಯಲ್ಲಿ ಗುಡುಗುತ್ತದೆ. ನಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಗಳಿಗೆಯೊಳಗೆ ಮೊಣಕಾಲಿನ ಹಳ್ಳ ಸೊಂಟಕ್ಕೇರುತ್ತದೆ.

1986ರ ಕಾರ್ತಿಕದಲ್ಲಿ ಕೆಲವು ವಿದ್ಯಾರ್ಥಿಗಳೊಡನೆ, ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಇರ್ಪಿನಿಂದ ನರಿಮಲೆಯ ಕಡೆಗೆ ಹತ್ತಿದ್ದೆ. ದಾರಿ ತೋರಲು ಬಂದಿದ್ದವರು ಹಿರಿಯ ಜೇನುಕುರುಬರೊಬ್ಬರು. ಮರಳುವಾಗ ಸಂಜೆ ಹಳ್ಳವೊಂದು ಅಡ್ಡಬಂದಿತು. ಅಗಲ ಹತ್ತು ಮಾರಿಗಿಂತ ಹೆಚ್ಚಿರಲಿಲ್ಲ. ಹುಡುಗರಿಗೆ ಅವಸರ, ಮರುದಿನ ಬೆಳಗಿನ ಬಸ್ಸು ತಪ್ಪಿದರೆ ಪರೀಕ್ಷೆಯ ಶುಲ್ಕ ಕಟ್ಟುವ ದಿನ ಮೀರುತ್ತಿತ್ತು. ಅಜ್ಜ ಏನೂ ಹೇಳದೆ ನೀರಿನಂಚಿನಲ್ಲಿ ಒಂದು ಕಡ್ಡಿ ಚುಚ್ಚಿ ಕುಳಿತುಬಿಟ್ಟರು. ಒಂದು ಎಲೆಯಡಿಕೆ ಮುಗಿಯುವಷ್ಟರಲ್ಲಿ ಕಡ್ಡಿ ಮುಳುಗಿತ್ತು. “ಇನ್ನೂ ಏರ್ತಾ ಅದೆ ಸಾಮಿ. ಎಲೆ, ನೊರೆ ತೇಲಿಬರೋ ಗಂಟ ಇಳೀಬಾರ್ದು” ಎಂದರು. ಒಬ್ಬ ಹುಡುಗ, “ಅಜ್ಜ, ಮೊಣಕಾಲುದ್ದ ತಾನೆ?” ಎಂದು ವಾದಕ್ಕೆ ನಿಂತ. ಅವರು ಒಂದು ಒಣಬೊಡ್ಡೆಯನ್ನು ನೀರಿಗೆ ಎಸೆದರು; ಅದು ಹೋದ ವೇಗವನ್ನು ನೋಡಿ ಹುಡುಗ ತಾನಾಗಿಯೇ ಹಿಂದೆ ಸರಿದ. ರಾತ್ರಿಯೆಲ್ಲ ಬೆಂಕಿ ಹಾಕಿಕೊಂಡು ಕುಳಿತೆವು. ಬೆಳಗಿನ ಜಾವಕ್ಕೆ ಕಡ್ಡಿಯ ಬುಡ ಒಣಗಿತ್ತು. ಬಸ್ಸು ಹೋಗಿತ್ತು, ದಂಡದೊಡನೆ ಶುಲ್ಕ ಕಟ್ಟಿದ್ದಾಯಿತು.

ಅಜ್ಜನ ಬೊಡ್ಡೆಯ ಪರೀಕ್ಷೆಗೆ ಭೌತಶಾಸ್ತ್ರದ ಬೆಂಬಲವೂ ಇದೆ: ನೀರಿನ ವೇಗ ಇಮ್ಮಡಿಯಾದರೆ ಅದು ನೂಕುವ ಬಲ ನಾಲ್ಮಡಿಯಾಗುತ್ತದೆ. ಆದ್ದರಿಂದ ಆಳಕ್ಕಿಂತ ಓಟ ಹೆಚ್ಚು ಅಪಾಯ. ಹೊಸಬನು ಕಿರಿದಾದ ಜಾಗವನ್ನು ಹುಡುಕುತ್ತಾನೆ. ಬಲ್ಲವನು ಹೊಳೆ ಹರಡಿಕೊಂಡು, ಜಲ್ಲಿಗಲ್ಲಿನ ಮೇಲೆ ಸಣ್ಣಗೆ ಕುಣಿಯುವ ಅಗಲವಾದ ಜಾಗವನ್ನು. ಬಿದಿರುಗಳವನ್ನು ಮೇಲ್ದಿಕ್ಕಿಗೆ ಊರಿ, ಹರಿವಿಗೆ ಮುಖಕೊಟ್ಟು, ಒಂದು ಕಾಲು ನೆಲೆ ಕಂಡ ಮೇಲೆ ಇನ್ನೊಂದನ್ನು ಎತ್ತಬೇಕು. ಬೆನ್ನಿನ ಗಂಟಿನ ಕಟ್ಟನ್ನು ಸಡಿಲಿಸಿಕೊಂಡೇ ಇಳಿಯಬೇಕು; ಬಿದ್ದರೆ ಗಂಟು ಹೋಗಲಿ, ಮನುಷ್ಯ ಉಳಿಯಲಿ. ಬೆಟ್ಟದ ಹಳ್ಳಕ್ಕೆ ಬೇಗ ಏರುವ, ಬೇಗ ಇಳಿಯುವ ಸ್ವಭಾವ. ಅಲ್ಲಿ ಒಂದು ರಾತ್ರಿಯ ತಾಳ್ಮೆ ಸಾಕು. ದೊಡ್ಡ ಹೊಳೆ ಇಳಿಯಲು ದಿನಗಳೇ ಬೇಕಾಗುತ್ತವೆ.

ಕಾಕನಕೋಟೆಯ ಬಳಿ ದೊಡ್ಡ ಹೊಳೆಯ ಈ ಲೆಕ್ಕವನ್ನು ಆನೆಗಳೂ ಬಲ್ಲವು, ಆನೆ ಹಿಡಿಯುವವರೂ ಬಲ್ಲವರಾಗಿದ್ದರು. ಮಳೆಗಾಲ ಕಳೆದು ನೀರು ತಗ್ಗಿದ ಮೇಲೆ ಕಾಡಾನೆಗಳ ಹಿಂಡನ್ನು ಬೊಬ್ಬೆಯಿಂದಲೂ ಬೆಂಕಿಯಿಂದಲೂ ಅಟ್ಟಿ ಕಬಿನಿಗೆ ಇಳಿಸಿ, ಪಳಗಿದ ಆನೆಗಳ ಕಾವಲಿನಲ್ಲಿ ದಡದ ಆವರಣಕ್ಕೆ ಹತ್ತಿಸುತ್ತಿದ್ದರು. ಆ ವೈಭವದಲ್ಲಿ ಕ್ರೌರ್ಯ ಎಷ್ಟಿತ್ತೆಂಬುದನ್ನು ನಾವು ತಡವಾಗಿ ಕಂಡುಕೊಂಡೆವು. 1971ರ ಖೆಡ್ಡಾ ಕೊನೆಯದಾಯಿತು.

ಮೂರೇ ವರ್ಷದಲ್ಲಿ, 1974ರಲ್ಲಿ, ಬೀಚನಹಳ್ಳಿಯ ಬಳಿ ಅಣೆಕಟ್ಟು ಸಿದ್ಧವಾಯಿತು. 19.52 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯ. ಹೊಲಗದ್ದೆಗಳಿಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಹೊಳೆ ಹಾಯುವವರ ಪಂಚಾಂಗ ಅದರಿಂದ ತಲೆಕೆಳಗಾಯಿತು. ಹಿಂದೆ ಕಾರ್ತಿಕದಲ್ಲಿ ನೀರು ಇಳಿಯುತ್ತಿತ್ತು, ಕಡವುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಈಗ ಒಳ್ಳೆಯ ಮಳೆಯಾದ ವರ್ಷ ಕಾರ್ತಿಕವೆಂದರೆ ಹಿನ್ನೀರು ತುಂಬಿ ನಿಂತ ಕಾಲ; ಹಳೆಯ ಕಡವುಗಳೆಲ್ಲ ಆಳದಲ್ಲಿ. ಚೈತ್ರ ವೈಶಾಖಗಳಲ್ಲಿ ನೀರು ಹಿಂದೆ ಸರಿದು ಹುಲ್ಲು ಚಿಗುರಿದಾಗ ಆನೆಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿಗೆ ಬರುತ್ತವೆ. ಆನೆ ಹೊಸ ಪಂಚಾಂಗವನ್ನು ಕಲಿಯಿತು. ಹಳೆಯದನ್ನು ಬಲ್ಲ ಮನುಷ್ಯರ ಪಾಡು ಬೇರೆಯಾಯಿತು. ಕಾಡು ರಕ್ಷಿತವಾದಂತೆ ಅನೇಕ ಕುರುಬ ಕುಟುಂಬಗಳು ಹಾಡಿಗಳನ್ನು ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ನೆಲೆಸಬೇಕಾಯಿತು. ಅಲ್ಲಿ ಹುಟ್ಟಿದ ಮಗುವಿಗೆ ಹೊಳೆಯಂಚಿನಲ್ಲಿ ಕಡ್ಡಿ ಚುಚ್ಚಿ ನೋಡುವ ಪ್ರಸಂಗವೇ ಇಲ್ಲ. ಸರ್ಕಾರದ ಯಾವ ಪರಿಹಾರದ ಪಟ್ಟಿಯಲ್ಲಿಯೂ ಈ ನಷ್ಟಕ್ಕೆ ಕಲಮು ಇಲ್ಲ.

ಹಿನ್ನೀರಿನಿಂದ ಮೇಲಕ್ಕೆ, ಡಿ.ಬಿ. ಕುಪ್ಪೆಯಲ್ಲಿ, ಕಬಿನಿ ಇಂದಿಗೂ ಹೊಳೆಯಾಗಿಯೇ ಇದೆ. ಈಚೆ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕು, ಆಚೆ ಕೇರಳದ ಪೆರಿಕ್ಕಲ್ಲೂರು. ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಜನ ದೋಣಿಯಲ್ಲಿ ದಾಟುವುದು ಅಲ್ಲಿ ರೂಢಿ. ಮೇಲಣ ಉಪನದಿಯೊಂದಕ್ಕೆ ಬಾಣಾಸುರಸಾಗರದ ಕಟ್ಟೆ ಇದೆ. 2018ರ ಆಗಸ್ಟಿನಲ್ಲಿ ಅದರ ಬಾಗಿಲುಗಳು ತೆರೆದಾಗ ಕೆಳಗಿನ ಊರುಗಳು ಜಲಮಯವಾದವು. ಹಾಗಾಗಿ ಅಲ್ಲಿ ದೋಣಿ ಬಿಡುವವನಿಗೆ ನೀರಿನ ಬಣ್ಣ, ತೇಲುವ ಎಲೆ, ಮೂಡಣದ ಮೋಡ ಇಷ್ಟನ್ನೇ ನೋಡಿದರೆ ಸಾಲದು. ಕಟ್ಟೆಯ ಬಾಗಿಲು ಎಷ್ಟು ಎತ್ತಿದ್ದಾರೆಂದು ಫೋನಿನಲ್ಲಿ ಕೇಳಿ ತಿಳಿದ ಮೇಲೆಯೇ ಹುಟ್ಟಿಗೆ ಕೈಹಾಕಬೇಕು.